2018ರ ರೆಡ್ ಸಾಕ್ಸ್ ಗೆಲುವಿನ ಶ್ರೇಯ ಹೊಸ ಮ್ಯಾನೇಜರ್‌ಗೆ ಸಲ್ಲಬೇಕೇ?

ಪರ

2017ರಲ್ಲಿ 93 ಪಂದ್ಯ ಗೆದ್ದೂ ಲೀಗ್ ಪಂದ್ಯಗಳ ನಂತರದ ಪ್ಲೇಆಫ್‌ನ ತನ್ನ ಮೊದಲ ಸುತ್ತಿನಲ್ಲೇ ಹೊರಬಿದ್ದಿದ್ದ ಅಮೆರಿಕದ ಬೇಸ್‌ಬಾಲ್ ತಂಡ ಬಾಸ್ಟನ್ ರೆಡ್ ಸಾಕ್ಸ್, ಮರುವರ್ಷ ಹೊಸ ಮ್ಯಾನೇಜರ್ (ಮುಖ್ಯ ತರಬೇತುದಾರ) ಅಲೆಕ್ಸ್ ಕೊರಾ ಅವರ ಕೈಗೆ ಬಂದೊಡನೆ 108 ಪಂದ್ಯ ಗೆದ್ದು ವರ್ಲ್ಡ್ ಸೀರೀಸ್ ಎಂಬ ಅಂತಿಮ ಸರಣಿಯ ಕಿರೀಟವನ್ನೂ ಪಡೆಯಿತು. ಅಲ್ಲಿನ ಅತ್ಯುನ್ನತ ಮಟ್ಟದ ಮೇಜರ್ ಲೀಗ್ ತಂಡವೊಂದನ್ನು ಅವರು ಮುನ್ನಡೆಸಿದ್ದು ಅದೇ ಮೊದಲು. ಪಂದ್ಯ ಆರಂಭಿಸುವ ಪಿಚರ್‌ಗಳಿಗೆ (ಚೆಂಡು ಎಸೆಯುವವರಿಗೆ) ನಡುವೆ ನಾಲ್ಕು ದಿನ ವಿಶ್ರಾಂತಿ ಕೊಡುವುದು ಈ ಆಟದ ರೂಢಿ. ಕೊರಾ ಪ್ಲೇಆಫ್ ನಡೆದ ಆ ಅಕ್ಟೋಬರ್‌ನಲ್ಲಿ ಪೊರ್ಸೆಲೊ, ಸೇಲ್, ಇಯೊವಾಲ್ಡಿಯಂಥ ಆರಂಭಿಕ ಪಿಚರ್‌ಗಳನ್ನು ಬುಲ್‌ಪೆನ್‌ನಿಂದಲೂ, ಅಂದರೆ ಪಂದ್ಯದ ನಡುವೆ ಬದಲಿಯಾಗಿಯೂ, ಕರೆಸಿದರು, ಅವರೂ ಬಂದರು.

ಲಾಸ್ ಏಂಜಲೀಸ್‌ನಲ್ಲಿ ನಡೆದ ವರ್ಲ್ಡ್ ಸೀರೀಸ್‌ನ ಮೂರನೆಯ ಪಂದ್ಯದ ರಾತ್ರಿಯನ್ನು ನಾನು ಮರೆಯಲಾರೆ. ಸಾಮಾನ್ಯವಾಗಿ ಒಂಬತ್ತಕ್ಕೆ ಮುಗಿಯುವ ಆಟ ಹದಿನೆಂಟು ಇನಿಂಗ್ಸ್, ಏಳು ಗಂಟೆ ಇಪ್ಪತ್ತು ನಿಮಿಷ. ಆಟ ಮುಗಿದಾಗ ಬಾಸ್ಟನ್ ಬಳಿಯ ನಮ್ಮ ಮನೆಯಲ್ಲಿ ಬೆಳಗಿನ ಜಾವ ಮೂರೂವರೆ. ಊರಿನಿಂದ ಬಂದಿದ್ದ ಅಪ್ಪ, ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿ ನಿವೃತ್ತರಾದವರು, ಬೇಸ್‌ಬಾಲ್ ನಿಯಮಗಳು ತಿಳಿಯದಿದ್ದರೂ ನನ್ನ ಪಕ್ಕದಲ್ಲೇ ಕುಳಿತಿದ್ದರು. ವಿಶ್ರಾಂತಿಯಲ್ಲಿರಬೇಕಿದ್ದ ಇಯೊವಾಲ್ಡಿ 97 ಎಸೆತ ಎಸೆದು, ಕೊನೆಗೆ ಎದುರಾಳಿ ಡಾಡ್ಜರ್ಸ್ ತಂಡದ ಮನ್ಸಿಯ ಹೋಮ್ ರನ್‌ಗೆ (ಬೇಲಿ ದಾಟಿಸಿದ ಹೊಡೆತಕ್ಕೆ) ಸೋತಾಗ ಅಪ್ಪ, "ಈಗ ಇವರ ಮೇಷ್ಟ್ರು ಏನು ಹೇಳ್ತಾನೋ, ಅದರ ಮೇಲೆ ನಾಳೆ ನಿಂತಿದೆ ಕಣಪ್ಪ" ಎಂದರು. ಕೊರಾ ತಂಡವನ್ನೆಲ್ಲ ಸೇರಿಸಿ ಅವರ ಹೋರಾಟಕ್ಕೆ ಧನ್ಯವಾದ ಹೇಳಿದರೆಂದು ಮರುದಿನ ಓದಿದೆವು. ಅಂದು ಸಂಜೆ 0–4ರಿಂದ ಹಿಂದಿದ್ದ ಅದೇ ತಂಡ 9–6ರಿಂದ ಗೆದ್ದಿತು. ಇದು ಮ್ಯಾನೇಜರನ ಕೆಲಸವಲ್ಲದೆ ಮತ್ತಾರದು? 2019ರಲ್ಲಿ ತಂಡ ಕುಸಿಯಿತಲ್ಲ ಎನ್ನುವವರಿಗೆ, ಪ್ರಶ್ನೆ ಇರುವುದು 2018ರ ಬಗ್ಗೆ ಎಂದಷ್ಟೇ ಹೇಳುತ್ತೇನೆ.

ವಿರೋಧ

ಕೊರಾ ಸಮರ್ಥರೆಂಬುದರಲ್ಲಿ ನನಗೂ ಸಂದೇಹವಿಲ್ಲ. ಆದರೂ ಮ್ಯಾನೇಜರ್ ನಾಲ್ಕು ಒಳ್ಳೆಯ ಮಾತಾಡಿದರೆ ಚೆಂಡು ತಾನಾಗಿ ಬೇಲಿ ದಾಟುತ್ತದೆ ಎಂಬ ವಾದವನ್ನು ಒಪ್ಪಲಾಗದು. ಹಿಂದಿನ ಮ್ಯಾನೇಜರ್ ಜಾನ್ ಫಾರೆಲ್ ಅವರ ಕೈಕೆಳಗೆ 2016 ಮತ್ತು 2017ರಲ್ಲಿ ತಲಾ 93 ಪಂದ್ಯ ಗೆದ್ದು ಎರಡು ಬಾರಿಯೂ ತನ್ನ ವಿಭಾಗದಲ್ಲಿ ಮೊದಲ ಸ್ಥಾನ ಪಡೆದಿದ್ದ ತಂಡವೇ ಕೊರಾ ಅವರಿಗೆ ಸಿಕ್ಕಿತು. ಅದಕ್ಕೆ ಜೆ.ಡಿ. ಮಾರ್ಟಿನೆಜ್ ಸೇರಿ 43 ಹೋಮ್ ರನ್ ಹೊಡೆದರು, ಮೂಕಿ ಬೆಟ್ಸ್ .346 ಬ್ಯಾಟಿಂಗ್ ಸರಾಸರಿಯೊಂದಿಗೆ, ಮೇಜರ್ ಲೀಗ್‌ನ ಎರಡು ಲೀಗ್‌ಗಳಲ್ಲೊಂದಾದ ಅಮೆರಿಕನ್ ಲೀಗ್‌ನ ಅತ್ಯಮೂಲ್ಯ ಆಟಗಾರರಾದರು. ಆ ವರ್ಷ ಆಟಗಾರರ ವೇತನಕ್ಕೆ ಅತಿ ಹೆಚ್ಚು ಹಣ ಸುರಿದ ತಂಡವೂ ಇದೇ. ಜೂನ್‌ನಲ್ಲಿ ಸ್ಟೀವ್ ಪಿಯರ್ಸ್‌ರನ್ನೂ ಜುಲೈಯಲ್ಲಿ ಇಯೊವಾಲ್ಡಿಯವರನ್ನೂ ತಂದವರು ಆಡಳಿತ ನೋಡಿಕೊಳ್ಳುತ್ತಿದ್ದ ಡೇವ್ ಡೊಂಬ್ರೌಸ್ಕಿ. ಆ ಪಿಯರ್ಸ್‌ರೇ ವರ್ಲ್ಡ್ ಸೀರೀಸ್‌ನ ಶ್ರೇಷ್ಠ ಆಟಗಾರರಾದರು. ಮರುವರ್ಷ ಅದೇ ಮ್ಯಾನೇಜರ್, ಬಹುಪಾಲು ಅದೇ ಆಟಗಾರರು, ಗೆಲುವು ಮಾತ್ರ 84.

ಒಂದನ್ನು ಒಪ್ಪಲೇಬೇಕು. ಮೇ ತಿಂಗಳಲ್ಲಿ ಮೊದಲ ಬೇಸ್ ಕಾಯುತ್ತಿದ್ದ ಹ್ಯಾನ್ಲಿ ರಮಿರೆಜ್‌ರನ್ನು ಕೈಬಿಡುವ ಸಲಹೆ ಕೊರಾ ಅವರದು. ಆ ಜಾಗ ತೆರವಾಗದಿದ್ದರೆ ಪಿಯರ್ಸ್‌ಗೆ ಎಡೆಯೇ ಸಿಗುತ್ತಿರಲಿಲ್ಲವೇನೋ.