ಶೂನ್ಯದಿಂದ ನೂರಕ್ಕೆ, ಬಿಡುವಾದಾಗ

ಹೊಸ ಕಾರು ಕೊಂಡವರಿಗೆ ಮೊದಲ ಆರು ತಿಂಗಳು ಒಂದು ಬಗೆಯ ಜ್ವರ ಇರುತ್ತದೆ. ನಮ್ಮ ಭಾವನಿಗೂ ಬಂದಿತ್ತು. ತನ್ನ ಕಾರು ಶೂನ್ಯದಿಂದ ನೂರು ಕಿಲೋಮೀಟರ್ ವೇಗಕ್ಕೆ ಏರಲು ಎಂಟೇ ಸೆಕೆಂಡು ಸಾಕೆಂದು ಮೂರು ಸಲ ಹೇಳಿ, ನಾಲ್ಕನೆಯ ಸಲ ನನ್ನ ಗಾಡಿಯ ಕಡೆ ಗಲ್ಲ ತಿರುಗಿಸಿ, ‘ನಿನ್ನದು ಎಷ್ಟಪ್ಪಾ?’ ಎಂದ.

ನನ್ನದು ಲ್ಯಾಂಡ್ ರೋವರ್ ಸೀರೀಸ್ 3. 1971ರಿಂದ 1985ರವರೆಗೆ ತಯಾರಾದ ತಳಿ. 2,286 ಸಿಸಿ ಪೆಟ್ರೋಲ್ ಎಂಜಿನ್, ಸುಮಾರು 70 ಅಶ್ವಶಕ್ತಿ. ಆ ಎಪ್ಪತ್ತು ಕುದುರೆಗಳು ಎಳೆಯಬೇಕಾದದ್ದು 1,300 ಕಿಲೋಗೂ ಮಿಕ್ಕ ಗಾಡಿಯನ್ನು, ಅದರೊಳಗಿನ ನನ್ನನ್ನು ಮತ್ತು ‘ಎಂದಾದರೂ ಬೇಕಾದೀತು’ ಎಂದು ಹಿಂದೆ ತುಂಬಿಟ್ಟ ಹಗ್ಗ, ಜಾಕು, ಗುದ್ದಲಿ, ಸರಪಳಿಗಳನ್ನು.

‘ಅಳೆದು ನೋಡಿಲ್ಲ’ ಎಂದೆ. ಭಾವ ಏನೂ ಹೇಳದೆ ತಲೆಯಾಡಿಸಿದ. ಬೈದಿದ್ದರೆ ಸಹಿಸುತ್ತಿದ್ದೆ.

ಈ ಗಾಡಿಯ ವಂಶ 1948ರಲ್ಲಿ ಆಮ್‌ಸ್ಟರ್‌ಡ್ಯಾಮ್ ಮೋಟಾರು ಪ್ರದರ್ಶನದಲ್ಲಿ ಜಗತ್ತಿಗೆ ಮುಖ ತೋರಿಸಿದ್ದು ಹೊಲದ ಕೆಲಸಕ್ಕೆಂದು. ಮಹಾಯುದ್ಧ ಮುಗಿದು ಬ್ರಿಟನ್ನಿನಲ್ಲಿ ಉಕ್ಕಿಗೆ ಬರ ಬಂದದ್ದರಿಂದ ಮೈಗೆ ಅಲ್ಯೂಮಿನಿಯಂ ಮಿಶ್ರಲೋಹ ಹೊದಿಸಿದರು. ಹೊಲದ ಯಂತ್ರಗಳನ್ನು ಎಂಜಿನ್ನಿನಿಂದಲೇ ತಿರುಗಿಸುವ ವ್ಯವಸ್ಥೆಯೂ ಇತ್ತು. ಇಂಥದನ್ನು ನೂರಕ್ಕೆ ಎಷ್ಟು ಸೆಕೆಂಡು ಎಂದು ಕೇಳುವುದು, ಗಾಣದ ಎತ್ತನ್ನು ‘ಇಷ್ಟು ವರ್ಷ ನಡೆದು ಎಲ್ಲಿಗೆ ಮುಟ್ಟಿದೆ?’ ಎಂದು ಕೇಳಿದ ಹಾಗೆ. ಇದನ್ನೆಲ್ಲ ಭಾವನಿಗೆ ಹೇಳಬಹುದಿತ್ತು. ಹೊಳೆದದ್ದು ಅವನು ಹೋದ ಮೇಲೆ.

ಮರುದಿನ ಬೆಳಿಗ್ಗೆ ಭಾವನ ಮಗನನ್ನೇ ಕೂರಿಸಿಕೊಂಡು, ನೇರವಾದ, ಜನರಿಲ್ಲದ ರಸ್ತೆಯೊಂದಕ್ಕೆ ಹೋದೆ. ಹುಡುಗನ ಕೈಯಲ್ಲಿ ಮೊಬೈಲಿನ ಸ್ಟಾಪ್‌ವಾಚ್. ಹೊರಡುವ ಮುನ್ನ ಒಂದು ಸಣ್ಣ ಉಪನ್ಯಾಸ ಕೊಟ್ಟೆ, ಕೊಡಬಾರದಿತ್ತು. ‘ನೋಡು, ಇದು ಗೇರ್. ಪಕ್ಕದ ಈ ಕೆಂಪು ಗುಂಡಿಯದು ಹೈ ರೇಂಜ್, ಲೋ ರೇಂಜ್ ಬದಲಿಸುವ ಲಿವರ್. ಲೋ ರೇಂಜಿನ ಒಂದನೇ ಗೇರಿನಲ್ಲಿ ಎಂಜಿನ್ ಸುಮಾರು 40 ಸುತ್ತು ಹಾಕಿದರೆ ಚಕ್ರ ಒಂದು ಸುತ್ತು ಹಾಕುತ್ತದೆ. ಕಡಿದಾದ ಏರನ್ನು ಏದುಸಿರಿಲ್ಲದೆ ಹತ್ತುತ್ತದೆ. ಸಮತಟ್ಟಿನಲ್ಲಾದರೆ ನಾವು ಇಳಿದು ಪಕ್ಕದಲ್ಲಿ ನಡೆದುಕೊಂಡು ಬರಬಹುದು!’ ಹೇಳುತ್ತಾ ಲಿವರನ್ನು ಎಳೆದೂ ತೋರಿಸಿದೆ.

‘ಮಾವ, ಶುರು ಮಾಡೋಣವೇ?’ ಎಂದ.

ಆಕ್ಸಿಲರೇಟರ್ ತುಳಿದೆ. ಎಂಜಿನ್ ಗಂಟಲು ಹರಿಯುವಂತೆ ಕೂಗಿತು. ಎರಡು, ಮೂರು, ನಾಲ್ಕು: ಕಣ್ಣು ಮಿಟುಕಿಸುವಷ್ಟರಲ್ಲಿ ಗೇರುಗಳೆಲ್ಲ ಮುಗಿದವು. ಇಷ್ಟು ಚುರುಕಾಗಿ ಈ ಗಾಡಿಯಲ್ಲಿ ನಾನು ಎಂದೂ ಗೇರ್ ಬದಲಿಸಿರಲಿಲ್ಲ. ಭಾವನ ಎಂಟು ಸೆಕೆಂಡಿನ ದಾಖಲೆಗೆ ಕುತ್ತು ಬಂತೆಂದೇ ತಿಳಿದೆ. ಮುಳ್ಳು ನೋಡಿದರೆ 50. ಅಲ್ಲಿಂದ ಮೇಲೆ ಹೋಗಲೊಲ್ಲದು. ಎಂಜಿನ್ ಮಾತ್ರ ಹಾಡುತ್ತಲೇ ಇದೆ. ಶಾಲೆಯಲ್ಲಿ ಭೌತಶಾಸ್ತ್ರದ ಮೇಷ್ಟರು ‘ವೇಗೋತ್ಕರ್ಷ’ ಎಂಬ ಪದ ಕಲಿಸಿದ್ದರು. ಇಲ್ಲಿ ಉತ್ಕರ್ಷವೆಲ್ಲ ಸದ್ದಿನದು.

‘ಮಾವ, ಆ ಕೆಂಪು ಲಿವರನ್ನು ವಾಪಸು ತಳ್ಳಿದಿರಾ?’ ಎಂದು ಹುಡುಗ ಬಹಳ ಮೆತ್ತಗೆ ಕೇಳಿದ.

ಮನೆಗೆ ಹೋದ ಮೇಲೆ ಲೆಕ್ಕ ಹಾಕಿದೆ. ಲೋ ರೇಂಜಿನ ಅನುಪಾತ 2.35, ಆಕ್ಸಲ್ಲಿನದು 4.7. ಗುಣಿಸಿದರೆ ನಾಲ್ಕನೇ ಗೇರಿನಲ್ಲಿಯೂ ಚಕ್ರದ ಒಂದು ಸುತ್ತಿಗೆ ಎಂಜಿನ್ 11 ಸುತ್ತು ಹಾಕಬೇಕು. ನಿಮಿಷಕ್ಕೆ 4,000 ಸುತ್ತಿನಲ್ಲಿ ಬರುವುದು ಸುಮಾರು 50 ಕಿಲೋಮೀಟರ್ ವೇಗ. ಅಂದರೆ ಗಾಡಿ ತನ್ನ ಕೈಲಾದದ್ದನ್ನೆಲ್ಲ ಮಾಡಿತ್ತು.

ಎರಡನೆಯ ಯತ್ನ ಹೈ ರೇಂಜಿನಲ್ಲಿ. ಅರುವತ್ತರವರೆಗೆ ಹುರುಪಿನಿಂದಲೇ ಹೋಯಿತು. ಆಮೇಲೆ ಗಾಳಿ ಎದುರಾಯಿತು. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ನಯವಾಗಿ ಬಾಗಿದ ಕಾರುಗಳು ಗಾಳಿಯನ್ನು ಹೇಗೋ ಸಮಾಧಾನ ಮಾಡಿ ನುಸುಳುತ್ತವೆ. ನಮ್ಮದರ ಮುಂಗಾಜು ಗೋಡೆಯಂತೆ ನೆಟ್ಟಗೆ ನಿಂತಿದೆ, ರಾಜಿಯ ಮಾತೇ ಇಲ್ಲ. ಜೊತೆಗೆ, ನೂರು ಮುಟ್ಟಬೇಕಾದರೆ ಈ ಎಂಜಿನ್ ನಿಮಿಷಕ್ಕೆ 4,000 ಸುತ್ತಿನ ಹತ್ತಿರ ಹೋಗಬೇಕು. ಅದರ ಪೂರ್ತಿ 70 ಅಶ್ವಶಕ್ತಿ ಹೊರಡುವುದೂ ಅಲ್ಲಿಯೇ. ಭಾವನ ಕಾರಿಗೆ ನೂರು ಎಂಬುದು ದಾರಿಯಲ್ಲಿ ಸಿಗುವ ಒಂದು ನಿಲ್ದಾಣ. ಇದಕ್ಕೆ ಹೆಚ್ಚುಕಡಿಮೆ ಕೊನೆಯ ನಿಲ್ದಾಣ.

ಎಪ್ಪತ್ತು ದಾಟುವಾಗ ಹುಡುಗನ ಮೊಬೈಲ್ ಬಡಿದುಕೊಂಡಿತು. ಅವನ ಅಮ್ಮ, ಎಂದರೆ ನಮ್ಮಕ್ಕ. ಎಲ್ಲಿದ್ದೀಯ, ಎಷ್ಟು ಹೊತ್ತಿಗೆ ಬರುತ್ತೀಯ ಎಂದೆಲ್ಲ ವಿಚಾರಣೆ ನಡೆಯಿತು. ನಾನು ಹಲ್ಲು ಕಚ್ಚಿ, ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿ ಹಿಡಿದಿದ್ದೆ. ‘ಇಲ್ಲಮ್ಮ, ಮಾವ ಜೋರಾಗಿ ಓಡಿಸುತ್ತಿಲ್ಲ’ ಎಂದು ಹುಡುಗ ಪ್ರಾಮಾಣಿಕವಾಗಿ ಹೇಳಿ ಫೋನು ಇಟ್ಟ. ಸ್ಟಾಪ್‌ವಾಚ್ ಇನ್ನೂ ಓಡುತ್ತಿತ್ತು. ಮುಳ್ಳು ಎಂಬತ್ತಕ್ಕೂ ನೂರಕ್ಕೂ ನಡುವೆ ತೂಗುಯ್ಯಾಲೆ ಆಡುತ್ತಿತ್ತು.

‘ಯಾವುದನ್ನು ಹಿಡಿಯಲಿ ಮಾವ, ಎಡಕ್ಕೆ ಹೋದಾಗಿನದೋ ಬಲಕ್ಕೆ ಬಂದಾಗಿನದೋ?’

ಉತ್ತರ ಹೇಳುವಷ್ಟರಲ್ಲಿ ರಸ್ತೆಯ ತಿರುವು ಬಂತು. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಅವನ್ನು ಬಹಳ ಮುಂಚಿತವಾಗಿ ವಿಶ್ವಾಸಕ್ಕೆ ತೆಗೆದುಕೊಳ್ಳಬೇಕು. ಕಾಲು ತೆಗೆದೆ. ಫಲಿತಾಂಶದ ಜಾಗದಲ್ಲಿ ‘ಬಾಕಿ’ ಎಂದು ಬರೆದುಕೊಳ್ಳಲು ಹೇಳಿದೆ.

ಇಷ್ಟಕ್ಕೆ ಮನೆಗೆ ಬಂದಿದ್ದರೆ ಮರ್ಯಾದೆ ಉಳಿಯುತ್ತಿತ್ತು. ವಾಪಸು ಬರುವಾಗ ಉದ್ದನೆಯ ಏರಿನಲ್ಲಿ ಮುಂದೊಂದು ಲಾರಿ, ಭಾರ ಹೊತ್ತು ತೆವಳುತ್ತಿತ್ತು. ರಸ್ತೆ ಅಗಲವಾಗಿತ್ತು, ಎದುರಿನಿಂದ ಯಾರೂ ಇರಲಿಲ್ಲ. ಬಲಕ್ಕೆ ಎಳೆದೆ. ಅರ್ಧ ಲಾರಿ ದಾಟಿದೆ, ಮುಕ್ಕಾಲು ದಾಟಿದೆ, ಚಾಲಕನ ಕಿಟಕಿಯ ಸಮಕ್ಕೆ ಬಂದೆ. ಅಲ್ಲಿಗೆ ನಿಂತಿತು. ಗಾಡಿ ನಿಲ್ಲಲಿಲ್ಲ, ಪ್ರಗತಿ ನಿಂತಿತು. ನಾಲ್ಕನೇ ಗೇರಿನಲ್ಲಿ ಎಳೆಯದು. ಮೂರಕ್ಕೆ ಇಳಿಸುವಷ್ಟರಲ್ಲಿ ಇದ್ದ ವೇಗವೂ ಸೋರಿಹೋಗಿ, ಇಬ್ಬರೂ ಜೋಡೆತ್ತುಗಳಂತೆ ಏರು ಹತ್ತತೊಡಗಿದೆವು. ಚಾಲಕ ಒಮ್ಮೆ ನೋಡಿದ. ಸ್ವಲ್ಪ ದೂರ ಹೋದ ಮೇಲೆ ಮತ್ತೆ ನೋಡಿದ. ಕೊನೆಗೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದ: ‘ಸ್ವಾಮಿ, ಮುಂದೆ ಹೋಗುತ್ತಿದ್ದೀರಾ, ಇಲ್ಲ ಏನಾದರೂ ಕೇಳಬೇಕಿತ್ತೇ?’

ಮಾನ ಎಂಬುದು ಮನುಷ್ಯನಿಂದ ಏನೆಲ್ಲ ಆಡಿಸುತ್ತದೆ. ‘ದಾರಿ ಕೇಳಬೇಕಿತ್ತು!’ ಎಂದು ಕೂಗಿ, ಬಾಯಿಗೆ ಬಂದ ಊರಿನ ಹೆಸರು ಹೇಳಿಬಿಟ್ಟೆ. ಅದು ನಾವು ಆಗಷ್ಟೇ ದಾಟಿಬಂದ ಊರು.

ಚಾಲಕ ದೊಡ್ಡ ಮನುಷ್ಯ. ಏರು ಮುಗಿಯುತ್ತಲೇ ಲಾರಿಯನ್ನು ಪಕ್ಕಕ್ಕೆ ನಿಲ್ಲಿಸಿ, ನನ್ನನ್ನೂ ನಿಲ್ಲಿಸಿ, ಇಳಿದು ಬಂದ. ‘ಹಿಂದೆ ಉಳಿಯಿತಲ್ಲ ಸ್ವಾಮಿ! ಇಲ್ಲೇ ತಿರುಗಿಸಿಕೊಳ್ಳಿ, ನಾನು ನೋಡಿ ಹೇಳುತ್ತೇನೆ’ ಎಂದು ರಸ್ತೆಯ ನಡುವೆ ಕೈ ಚಾಚಿ ನಿಂತ. ಪವರ್ ಸ್ಟೀರಿಂಗ್ ಇಲ್ಲದ ಗಾಡಿ. ನಾನು ಎರಡೂ ಕೈಯಿಂದ ಚಕ್ರ ಹಿಡಿದು ತಿರುಗಿಸತೊಡಗಿದೆ. ಪಕ್ಕದಲ್ಲಿ ಹುಡುಗ ತುಟಿ ಬಿಗಿಹಿಡಿದುಕೊಂಡು ಸ್ಟಾಪ್‌ವಾಚ್ ಒತ್ತಿದ.