ಪಂಚೆಯ ಹಿಂದೆ ಎಷ್ಟು ಕಾರು?

2024ರ ಜುಲೈನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಮಾಲ್ ಒಂದರಲ್ಲಿ ಹಾವೇರಿ ಕಡೆಯ ರೈತರೊಬ್ಬರನ್ನು ಬಾಗಿಲಲ್ಲೇ ತಡೆದರು. ಅಪ್ಪನಿಗೆ ಸಿನಿಮಾ ತೋರಿಸೋಣ ಅಂತ ಮಗ ಟಿಕೆಟ್ ತೆಗೆದಿದ್ದ. ಅಪ್ಪ ಬಿಳಿ ಅಂಗಿ, ಬಿಳಿ ಪಂಚೆ, ತಲೆಗೆ ರುಮಾಲು ಸುತ್ತಿ ಮದುವೆಗೆ ಹೊರಟವರ ಹಾಗೆ ಬಂದಿದ್ದರು. ಪಂಚೆಗೆ ಪ್ರವೇಶ ಇಲ್ಲವಂತೆ, ಪ್ಯಾಂಟ್ ಹಾಕಿಕೊಂಡು ಬರಬೇಕಂತೆ.

ಆ ವಾರ ವಿಧಾನಸಭೆ ಅಧಿವೇಶನವೂ ನಡೆಯುತ್ತಿತ್ತು. ಪಂಚೆ ಉಟ್ಟವರೇ ಕೂತು ಪಂಚೆಯ ಮರ್ಯಾದೆ ಚರ್ಚೆ ಮಾಡಿದರು. ಆಗ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯನವರದೂ ಪಂಚೆಯೇ. 1996ರಲ್ಲಿ ದೇವೇಗೌಡರು ಪಂಚೆಯಲ್ಲೇ ಕೆಂಪುಕೋಟೆ ಹತ್ತಿದರು. ಪ್ಯಾಂಟ್ ಎಲ್ಲಿ ಸ್ವಾಮಿ ಅಂತ ಯಾರೂ ಕೇಳಲಿಲ್ಲ.

ಅಂದ್ರೆ ತಪ್ಪು ಪಂಚೆಯದಲ್ಲ. ಹಿಂದೆ ನಾಲ್ಕು ಇನ್ನೋವಾ, ಪಕ್ಕದಲ್ಲೊಬ್ಬ ಗನ್‌ಮ್ಯಾನ್ ಇದ್ದರೆ ಅದು ಸರಳತೆ, ಮಣ್ಣಿನ ಮಗನ ಲಕ್ಷಣ. ಅದೇ ಪಂಚೆ ಸಿಟಿ ಬಸ್ಸಿನಿಂದ ಇಳಿದರೆ ಡ್ರೆಸ್ ಕೋಡ್ ಉಲ್ಲಂಘನೆ. ಪಾಪ, ಆ ರೈತರು ಗಾಡಿ ತರೋದು ಮರೆತಿದ್ದರು.

ಗಾಡಿ ಕೊಳ್ಳಲು ಹೋದರೂ ಕಷ್ಟವೇ ಬಿಡಿ. 2022ರ ಜನವರಿಯಲ್ಲಿ ತುಮಕೂರಿನ ಶೋರೂಮಿನಲ್ಲಿ ರೈತರೊಬ್ಬರ ಬಟ್ಟೆ ನೋಡಿಯೇ ಜೇಬು ಅಳೆದರು. ಅವರು ಅರ್ಧ ಗಂಟೆಯಲ್ಲಿ 10 ಲಕ್ಷ ತಂದು ನಿಂತರು. ಈಗ ಕೊಡಿ ಅಂದರೆ ಶೋರೂಮಿನ ಹತ್ತಿರ ಗಾಡಿಯೇ ಇಲ್ಲ!

ಮಾಲ್‌ಗೆ ಏಳು ದಿನ ಬೀಗ ಬಿತ್ತು. ಅದರ ಆಸ್ತಿ ತೆರಿಗೆ 1.78 ಕೋಟಿ ಬಾಕಿ ಇದೆ ಅನ್ನೋದು ಪಾಲಿಕೆಗೆ ಆಗಲೇ ನೆನಪಾಯಿತು. ರೈತರು ಪ್ಯಾಂಟ್ ಹಾಕಿಕೊಂಡು ಬಂದು ಸಿನಿಮಾ ನೋಡಿ ಹೋಗಿದ್ದರೆ ಬಾಕಿ ಸುಮ್ನೆ ಮಲಗಿರುತ್ತಿತ್ತು, ಅಲ್ವಾ?

2024ರ ಫೆಬ್ರವರಿಯಲ್ಲಿ ರಾಜಾಜಿನಗರ ಮೆಟ್ರೋದಲ್ಲೂ ಹೀಗೇ ಆಗಿತ್ತು. ಅಲ್ಲಿ ರೈತರೊಬ್ಬರ ಕೈಯಲ್ಲಿ ಟಿಕೆಟ್ ಇತ್ತು, ತಲೆ ಮೇಲೆ ಮೂಟೆಯೂ ಇತ್ತು. ಬಟ್ಟೆ ಕೊಳೆಯಾಗಿದೆ ಅಂತ ತಡೆದರು. ವಿಡಿಯೋ ಹರಿದಾಡಿದ ಮೇಲೆ ಸೆಕ್ಯುರಿಟಿ ಸೂಪರ್‌ವೈಸರ್ ಕೆಲಸ ಹೋಯಿತು. ಯಾವಾಗಲೂ ಹೀಗೇ, ಕೆಲಸ ಕಳೆದುಕೊಳ್ಳೋದು ಬಾಗಿಲಲ್ಲಿ ನಿಂತವರು. ಡ್ಯೂಟಿ ಮುಗಿಸಿ, ಲುಂಗಿ ಉಟ್ಟು ಬಂದರೆ ಅವರನ್ನೂ ಒಳಗೆ ಬಿಡುವುದಿಲ್ಲ. ಇನ್ನು ಇಂಥವರನ್ನು ಬಿಡಬೇಡ ಅಂತ ಅವರಿಗೆ ಕಲಿಸಿಕೊಟ್ಟವರನ್ನು ಬಾಗಿಲಲ್ಲಿ ಹುಡುಕಬೇಡಿ. ಅವರು ಬೇಸ್‌ಮೆಂಟಿನಲ್ಲಿ ಕಾರು ನಿಲ್ಲಿಸಿ, ಲಿಫ್ಟಿನಲ್ಲಿ ನೇರ ಮೇಲಕ್ಕೆ ಹೋಗುತ್ತಾರೆ.