ಕೈ ಬದಲಾದಷ್ಟೂ ಕರಗುವ ನೂರು: ಲೆಕ್ಕ ಸರಿಯೇ?

ಈ ಫಾರ್ವರ್ಡ್ ನಿಮಗೂ ಬಂದಿರಬಹುದು. ನೂರರ ನೋಟು 30 ಕೈ ಬದಲಾದರೂ ನೂರೇ, ಕಾರ್ಡಿನಲ್ಲಾದರೆ ಪ್ರತಿ ಸಲ ಶೇ. 3 ಶುಲ್ಕ ಹೋಗಿ ಕೊನೆಗೆ ಉಳಿಯುವುದು 10, ಮಿಕ್ಕಿದ್ದೆಲ್ಲ ಬ್ಯಾಂಕಿಗೆ ಅಂತ.

ಈ ಲೆಕ್ಕ ತಪ್ಪು. ಕ್ಯಾಲ್ಕುಲೇಟರ್ ತೆಗೆದು 100ನ್ನು 0.97ರಿಂದ 30 ಸಲ ಗುಣಿಸಿ ನೋಡಿ. ಎರಡನೇ ಸಲವೇ ಕಡಿತ 3 ಅಲ್ಲ, 2.91. ಕೊನೆಗೆ ಸುಮಾರು 40 ಉಳಿಯುತ್ತದೆ. ಅಲ್ಲದೆ ಅದು 30 ಬೇರೆ ಬೇರೆ ವ್ಯಾಪಾರಗಳ ಖರ್ಚು, ಒಂದೇ ನೋಟಿನ ನಷ್ಟ ಅಲ್ಲ. ಶೇ. 3 ಎಲ್ಲ ಕಡೆಯ ದರವೂ ಅಲ್ಲ, ನಿಜವಾದ ದರ ಅಂಗಡಿಯವರಿಗೆ ಬರುವ ಶುಲ್ಕದ ಪಟ್ಟಿಯಲ್ಲೇ ಇರುತ್ತದೆ, ಕೇಳಿದರೆ ಗೊತ್ತಾಗುತ್ತದೆ. ನಗದು ಕೂಡ ಪುಕ್ಕಟೆ ಅಲ್ವಲ್ಲ: ಎಣಿಸಬೇಕು, ಕಾಯಬೇಕು, ಬ್ಯಾಂಕಿಗೆ ಒಯ್ಯಬೇಕು.

ಆದರೆ ನಗದು ಇಲ್ಲವಾದೀತು ಎಂಬ, ಇದನ್ನು ಕಳಿಸಿದವರ ಆತಂಕ ಸುಮ್ನೆ ಹುಟ್ಟಿದ್ದಲ್ಲ. ಹತ್ತಿರದ ಎಟಿಎಂ ಮುಚ್ಚಿದರೆ ಫೋನಿನಲ್ಲಿ ಹಣ ಕಳಿಸಲು ಬಾರದ ಹಿರಿಯರಿಗೆ, ನೆಟ್‌ವರ್ಕ್ ಕೈಕೊಟ್ಟ ದಿನ ಎಲ್ಲರಿಗೂ ಕಷ್ಟ. ಅದಕ್ಕೇ ಸ್ವೀಡನ್ನಿನಲ್ಲಿ 2021ರಿಂದ ದೊಡ್ಡ ಬ್ಯಾಂಕುಗಳು ನಗದು ಸೇವೆ ಕೊಡಲೇಬೇಕು. ಬ್ರಿಟನ್ ಕೂಡ 2023ರಲ್ಲಿ ಜನರಿಗೆ ನಗದು ಸಿಗುವಂತೆ ಕಾನೂನು ಮಾಡಿತು. ನಗದು ಉಳಿಯಲಿ ಅಂತ ಕೇಳುವುದಕ್ಕೆ ಈ ಕಾರಣಗಳೇ ಸಾಕು.